ಮುಟ್ಟಿತು ಅನ್ನುವ ಮಾತು

ಸರಸಳಿಗೆ ಸಿಟ್ಟು ಅಪ್ಪನಿಂದ ಬಂದದ್ದು. ತ್ರಿಪ್ಲಿಕೇನಿನ ಆ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೂಗು ಅಪ್ಪನದು, ಸಿಟ್ಟೂ ಅಪ್ಪನದು, ಅಡುಗೆಯ ಕೈ ಮಾತ್ರ ಯಾರದೂ ಅಲ್ಲ ಎಂದು ಚಿಕ್ಕಮ್ಮ ಜಯಲಕ್ಷ್ಮೀ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಮನೆಯನ್ನು ಹಿಡಿದು ನಿಲ್ಲಿಸಿದವಳು ಈ ಚಿಕ್ಕಮ್ಮನೇ. ಆದ್ದರಿಂದ ಅವಳ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಅಪ್ಪ ಮಧ್ವರಾಜರು ಹತ್ತಿರದ ಮೆಸ್ಸೊಂದರಲ್ಲಿ ಬಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತು ಅಲ್ಲಿ ಉಣ್ಣುವವರ ಬೆನ್ನಿಗೆ ಅಂಟಿಕೊಂಡಂತೆ ಮುಂದಿನ ಸರದಿಯವರು ನಿಂತಿರುತ್ತಿದ್ದರು. ಉಂಡವನು ಎಲೆ ಮಡಚಿದರೆ ಊಟ ಮುಗಿಯಿತು ಎಂದರ್ಥ. ಅವನು ಮಡಚುವವರೆಗೆ ಆ ಎಲೆ ಅವನದು, ಅದರ ಮೇಲೆ ಬಡಿಸುತ್ತಲೇ ಇರಬೇಕು. ಹೊಸ ಯಜಮಾನರು ಬಂದ ಮೇಲೆ ಕಾಯುವವರ ಗುಂಪು ಅವರ ಕಣ್ಣಿಗೆ ಚುಚ್ಚತೊಡಗಿತು. ನಿಧಾನವಾಗಿ ಉಣ್ಣುವ ಮುದುಕರ ಎಲೆಯನ್ನು ನೀವೇ ಮಡಚಿ ಎತ್ತಿಬಿಡಿ ಎಂದು ಬಡಿಸುವವರಿಗೆ ಹೇಳಿದರು. ಲಾಡ್ಜಿನಲ್ಲಿ ಒಂಟಿಯಾಗಿದ್ದ ಒಬ್ಬ ಮುದುಕ ಮಜ್ಜಿಗೆಗೆಂದು ಅನ್ನ ಒತ್ತಿ ಗುಳಿ ಮಾಡುತ್ತಿದ್ದಾಗ ಅವನ ಎಲೆ ಎದ್ದುಹೋಯಿತು. ಅವನು ಬೆರಳುಗಳನ್ನು ಹಾಗೆಯೇ ಚಾಚಿಕೊಂಡು ಖಾಲಿ ಮೇಜನ್ನು ನೋಡುತ್ತಾ ಕುಳಿತ. ಮಧ್ವರಾಜರು ಸಾರಿನ ಬಕೆಟ್ಟನ್ನು ಯಜಮಾನರ ಗಲ್ಲಾಪೆಟ್ಟಿಗೆಯ ಮೇಲೆ ದಡಕ್ಕನೆ ಇಟ್ಟು ಹೊರಟುಬಂದರು. ಆಮೇಲೆ ಅವರಿಗೆ ಕಾಯಂ ಕೆಲಸ ಸಿಗಲೇ ಇಲ್ಲ. ಆ ಬಕೆಟ್ಟನ್ನು ಅಮ್ಮ ಕೊನೆಯವರೆಗೂ ಕ್ಷಮಿಸಲಿಲ್ಲ.

ಹೀಗಾಗಿ ಸರಸ ಹುಡುಗಿಯಾಗಿದ್ದಾಗಲೇ ಒಂದು ತೀರ್ಮಾನಕ್ಕೆ ಬಂದಿದ್ದಳು: ಸಿಟ್ಟನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕು. ಕಂಪ್ಯೂಟರ್ ಕಲಿತು, ಮೌಂಟ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿ, ಹಲವು ವರ್ಷ ಹಾಗೆಯೇ ನಡೆದುಕೊಂಡಳು. ಕೂದಲು ನೆರೆಯುವ ವಯಸ್ಸು ಹತ್ತಿರ ಬಂದರೂ ಆಫೀಸಿನಲ್ಲಿ ಅವಳ ಏರುದನಿ ಕೇಳಿದವರಿರಲಿಲ್ಲ. ಮನೆಯಲ್ಲಿ ಪಾತ್ರೆಗಳು ಕೇಳಿದ್ದವು.

ಆ ಕಂಪನಿ ಅಡುಗೆ ಗ್ಯಾಸಿನ ಬುಕಿಂಗ್ ನೋಡಿಕೊಳ್ಳುತ್ತಿತ್ತು. ಊರಿನ ಯಾವ ಮೂಲೆಯಿಂದ ಯಾರು ಫೋನ್ ಮಾಡಿ ಸಿಲಿಂಡರ್ ಬೇಕೆಂದರೂ ಅದು ಒಂದು ಸಂದೇಶವಾಗಿ ಒಂದು ಸಾಲಿನಲ್ಲಿ ಹೋಗಿ ನಿಲ್ಲುತ್ತಿತ್ತು. ಆ ಸಾಲು ಒಂದೇ ಯಂತ್ರದಲ್ಲಿರಲಿಲ್ಲ. ಒಂದು ಕೆಟ್ಟರೆ ಇನ್ನೊಂದು ಎತ್ತಿಕೊಳ್ಳಲೆಂದು ಹಲವು ಯಂತ್ರಗಳಲ್ಲಿ ಹಂಚಿಕೊಂಡಿತ್ತು. ಸಾಲಿನಿಂದ ಸಂದೇಶವನ್ನು ತೆಗೆದುಕೊಂಡು ಆಯಾ ಬಡಾವಣೆಯ ಗ್ಯಾಸ್ ಏಜೆನ್ಸಿಗೆ ಕಳಿಸುವ ಪ್ರೋಗ್ರಾಮು ಸರಸಳದು, ಅವಳೇ ಬರೆದದ್ದು. ಅದರಲ್ಲಿ ಅವಳು ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದ್ದಳು. ಏಜೆನ್ಸಿಯ ಪ್ರಿಂಟರಿನಲ್ಲಿ ಚೀಟಿ ಅಚ್ಚಾಗಿ, ಅಲ್ಲಿಂದ ಸಿಕ್ಕಿತು ಎಂಬ ಉತ್ತರ ಬಂದ ಮೇಲೆಯೇ ಪ್ರೋಗ್ರಾಮು ಸಾಲಿಗೆ ‘ಮುಟ್ಟಿತು’ ಎನ್ನಬೇಕು. ಮುಟ್ಟಿತು ಎಂದರೆ ಸಾಲು ಅದನ್ನು ಅಳಿಸಿಬಿಡುತ್ತದೆ. ಹೇಳದಿದ್ದರೆ ಇಟ್ಟುಕೊಂಡು ಮತ್ತೆ ಕೊಡುತ್ತದೆ. ಕೆಲವೊಮ್ಮೆ ಒಂದೇ ಬುಕಿಂಗ್ ಎರಡು ಸಲ ಹೋಗಬಹುದು, ಹೋದರೆ ಹೋಗಲಿ. ಒಂದು ಸಲವೂ ಹೋಗದೆ ಉಳಿಯಬಾರದು.

ಅವಳ ಮ್ಯಾನೇಜರ್ ಕಮಲಾಕರ ಮೈಸೂರಿನವರು. ಮೆಲುಮಾತಿನ ಮನುಷ್ಯ. ಅವರ ಕೋಣೆಯ ಹೊರಗೆ ಗೋಡೆಯ ಮೇಲೆ ಒಂದು ದೊಡ್ಡ ಪರದೆ ಇತ್ತು. ಯಾವ ಏಜೆನ್ಸಿಗೆ ಎಷ್ಟು ಸಂದೇಶ ಇನ್ನೂ ಸಾಲಿನಲ್ಲಿ ಕಾಯುತ್ತಿವೆ ಎಂದು ಅದು ತೋರಿಸುತ್ತಿತ್ತು. ಬೇರೆಲ್ಲ ಕಡೆ ಹಸಿರು, ಪಲ್ಲಾವರಂ ಒಂದರ ಮುಂದೆ ಮಾತ್ರ ಯಾವಾಗಲೂ ಕೆಂಪು. ಅಲ್ಲಿ ರಸ್ತೆ ಅಗೆಯುವವರು ದಿನಬಿಟ್ಟು ದಿನ ಫೋನಿನ ಲೈನು ಕತ್ತರಿಸುತ್ತಿದ್ದರು. ಲೈನು ಬರುವವರೆಗೆ ಬುಕಿಂಗುಗಳು ಕಾಯುತ್ತಿದ್ದವು, ಬಂದ ಕೂಡಲೇ ಓಡುತ್ತಿದ್ದವು. ಗ್ಯಾಸ್ ಕಂಪನಿಯ ದೊಡ್ಡವರು ಆಫೀಸು ನೋಡಲು ಬರುವ ಸುದ್ದಿ ಬಂದಾಗ ಆ ಕೆಂಪು ಕಮಲಾಕರರ ಕಣ್ಣಿಗೆ ಬಿತ್ತು. ಸಂದೇಶ ಕೈಗೆ ತೆಗೆದುಕೊಂಡ ತಕ್ಷಣವೇ ಮುಟ್ಟಿತು ಎಂದುಬಿಟ್ಟರೆ ಸಾಲು ಖಾಲಿ ಕಾಣುತ್ತದಲ್ಲವೇ ಎಂದು ಅವರು ಸರಸಳನ್ನು ಕೇಳಿದರು. ಕಾಣುತ್ತದೆ, ಆದರೆ ಮಾಡುವುದಿಲ್ಲ ಎಂದಳು. ಅವರು ನಕ್ಕು ಸುಮ್ಮನಾದರು.

ಅಪ್ಪನ ಶ್ರಾದ್ಧಕ್ಕೆಂದು ಅವಳು ರಜೆ ಹಾಕಿ ಮರಳಿದಾಗ ಪಲ್ಲಾವರಂ ಹಸಿರಾಗಿತ್ತು. ದೊಡ್ಡವರು ಬಂದು ಮೆಚ್ಚಿ ಹೋಗಿದ್ದರು. ಲೈನು ಸರಿಹೋಯಿತೇ ಎಂದು ಕೇಳಿದಳು. ಹೂಂ, ಎಲ್ಲಾ ಸರಿಹೋಯ್ತು ಎಂದರು ಕಮಲಾಕರ. ಅವಳು ನಂಬಿದಳು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಕೆಳಗಿನಿಂದ ಸೆಕ್ಯೂರಿಟಿಯವನ ಕರೆ ಬಂತು. ಯಾರೋ ಹೆಂಗಸು ಕನ್ನಡದಲ್ಲಿ ಬೈಯುತ್ತಿದ್ದಾರೆ, ತನಗೆ ಅರ್ಥವಾಗುತ್ತಿಲ್ಲ, ಮೇಡಂ ಬಂದು ಏನು ಬೈಗುಳ ಎಂದು ಹೇಳಬೇಕು ಎಂದ.

ಬಾಗಿಲ ಬಳಿ ನಿಂತಿದ್ದವಳು ಬೋರಮ್ಮ, ಪಲ್ಲಾವರಂ ಏಜೆನ್ಸಿಯ ಒಡತಿ. ಮಂಡ್ಯದ ಕಡೆಯವಳು. ಸೈನ್ಯದಲ್ಲಿದ್ದ ಗಂಡ ಗಡಿಯಲ್ಲಿ ಸತ್ತ ಮೇಲೆ, ಅವನ ಹೆಸರಿನಲ್ಲಿ ಸಿಕ್ಕ ಏಜೆನ್ಸಿ ಅದು. ಕಂಟೋನ್ಮೆಂಟಿನ ಹತ್ತಿರವೇ ಅಂಗಡಿ ಹಾಕಿ, ಗಂಡನ ಫೋಟೋ ಗೋಡೆಗೆ ಹಾಕಿ, ತಮಿಳನ್ನು ಗಿರಾಕಿಗಳ ಬಾಯಿಂದಲೇ ಕಲಿತು ನಡೆಸಿಕೊಂಡು ಬಂದಿದ್ದಳು. ಸಿಟ್ಟು ಬಂದರೆ ಮಾತ್ರ ಆ ತಮಿಳು ಮರೆತುಹೋಗುತ್ತಿತ್ತು.

“ಏನವ್ವ, ನೀನು ಕನ್ನಡದೋಳಾ? ಸದ್ಯ. ಇಲ್ಲಿ ಯಾರ್ನ ಕೇಳುದ್ರೂ ಕಂಪ್ಯೂಟರ್ ಸರಿಯಾಗೇ ಅದೆ ಅಂತವ್ರೆ. ಅದು ಸರಿಯಾಗಿದ್ರೆ ನಾನ್ಯಾಕವ್ವ ಬಸ್ ಹತ್ಕೊಂಡು ಇಲ್ಲಿಗೆ ಬರ್ಲಿ?”

ಕೂರಿಸಿ ನೀರು ಕೊಟ್ಟ ಮೇಲೆ ಅವಳು ಹೇಳಿದ್ದು ಇಷ್ಟು. ಬುಕ್ ಮಾಡಿದವರಿಗೆ ಸಿಲಿಂಡರ್ ಹೋಗುತ್ತಿಲ್ಲ. ಅವರು ಫೋನ್ ಮಾಡಿ ವಿಚಾರಿಸಿದರೆ ನಿಮ್ಮ ಬುಕಿಂಗ್ ಏಜೆನ್ಸಿಗೆ ಮುಟ್ಟಿದೆ ಎಂಬ ಉತ್ತರ. ಅಂಗಡಿಗೆ ಬಂದು ಜಗಳಕ್ಕೆ ನಿಲ್ಲುತ್ತಾರೆ. ಅವಳ ಪ್ರಿಂಟರಿನಲ್ಲಿ ಚೀಟಿಯೇ ಬಂದಿರುವುದಿಲ್ಲ, ಚೀಟಿ ಇಲ್ಲದೆ ಸಿಲಿಂಡರ್ ಕೊಡುವ ಹಾಗಿಲ್ಲ. ಕೊಡದೆ ಉಳಿದ ಸಿಲಿಂಡರುಗಳಿಂದ ಗೋದಾಮು ತುಂಬಿದೆ. ಪರಿಶೀಲನೆಗೆ ಬಂದವರು ಬೀದಿಯಲ್ಲಿ ಕಾಯುವ ಜನವನ್ನೂ ತುಂಬಿದ ಗೋದಾಮನ್ನೂ ಒಟ್ಟಿಗೆ ನೋಡಿದರು. ಹಬ್ಬಕ್ಕೆ ಕಾಳಸಂತೆಯಲ್ಲಿ ಮಾರಲು ಬಚ್ಚಿಟ್ಟಿದ್ದಾಳೆ ಎಂದು ಬರೆದುಕೊಂಡು ಹೋದರು. ಬುಕಿಂಗಿನ ಲೆಕ್ಕ ಇರುವುದು ಇಲ್ಲಿ ಎಂದು, ಶುಕ್ರವಾರ ಇದೇ ಆಫೀಸಿನಲ್ಲಿ ವಿಚಾರಣೆ. ಅವತ್ತು ಏಜೆನ್ಸಿ ಉಳಿಯಬೇಕು, ಇಲ್ಲವೇ ಹೋಗಬೇಕು.

“ನನ್ ಗಂಡನ ಫೋಟೋ ಮುಂದೆ ನಿಂತ್ಕೊಂಡು ಉಗುದ್ರು ಕಣವ್ವ,” ಎಂದಳು ಬೋರಮ್ಮ. ಅಳಲಿಲ್ಲ.

ಸರಸ ಮೇಲೆ ಹೋಗಿ ನೋಡಿ ಬಂದಳು. ಕೇಳಿದ ಪ್ರತಿಯೊಂದು ಬುಕಿಂಗಿನ ಎದುರೂ ಮುಟ್ಟಿದೆ ಎಂದೇ ಇತ್ತು. ಮುಟ್ಟದೆ ಮುಟ್ಟಿತು ಎನ್ನುವ ಪ್ರೋಗ್ರಾಮನ್ನು ತಾನು ಬರೆದಿಲ್ಲ ಎಂಬುದು ಅವಳಿಗೆ ಖಚಿತ. ಹಾಗಾದರೆ ಸುಳ್ಳು ಎಲ್ಲಿದೆ ಎಂಬುದೂ ಖಚಿತವೆನಿಸಿತು. ಅವಳ ದನಿ ತಣ್ಣಗಾಯಿತು.

“ಎಲ್ಲಾ ಮುಟ್ಟಿದೆ ಅಂತ ಇದೆ ಅಮ್ಮ. ನಮ್ಮ ಕಡೆ ತಪ್ಪಿಲ್ಲ.”

“ಮುಟ್ತು ಅಂತ ನಿನ್ ಯಂತ್ರ ಅಂತದೆ. ನನ್ ಕೈಗೆ ಮುಟ್ಟಿಲ್ಲ. ಮತ್ತೆ ಯಾರ್ ಕೈ ಮುಟ್ತು? ಅದ್ನ ಹೇಳು.”

ಬೋರಮ್ಮ ಚೀಲ ಎತ್ತಿಕೊಂಡು ಎದ್ದಳು. “ಬೈಯೋಕೂ ಮನ್ಸಾಗಲ್ಲ ನಿಮ್ನ. ಅಷ್ಟು ಮೆತ್ತಗೆ ಸುಳ್ಳು ಹೇಳ್ತೀರಿ,” ಎಂದು ಹೊರಟುಹೋದಳು.

ಆ ಮಾತು ಮುಳ್ಳಿನಂತೆ ಉಳಿಯಿತು. ಮರುದಿನ ಸರಸ ಹೇಳದೆ ಕೇಳದೆ ಲೋಕಲ್ ರೈಲು ಹತ್ತಿ ಪಲ್ಲಾವರಂಗೆ ಹೋದಳು. ಬೋರಮ್ಮನ ಅಂಗಡಿಯ ಗಾಜು ಒಡೆದಿತ್ತು, ಅಲ್ಲಿ ಅಕ್ಕಿಮೂಟೆಯ ಚೀಲ ಇಳಿಬಿಟ್ಟಿದ್ದರು. ಹೊರಗೆ ಜನ. ಒಳಗೆ ಬೋರಮ್ಮ ಅವಳನ್ನು ಕಂಡೂ ಕಾಣದವಳಂತೆ ಕುರ್ಚಿಯೊಂದನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. ಸರಸ ಪ್ರಿಂಟರಿನ ಪಕ್ಕ ಕುಳಿತಳು. ಮೊದಮೊದಲು ಚೀಟಿಗಳು ಬರುತ್ತಿದ್ದವು. ಅಷ್ಟರಲ್ಲಿ ರಸ್ತೆಯಲ್ಲಿ ಹಾರೆಯ ಸದ್ದು ಕೇಳಿ, ಲೈನು ಹೋಯಿತು. ಹೊರಗೆ ನಿಂತಿದ್ದ ಒಬ್ಬ ಹೆಂಗಸಿಗೆ ತನ್ನ ಮೊಬೈಲ್ ಕೊಟ್ಟು ಆಗಲೇ ಬುಕ್ ಮಾಡಿಸಿದಳು. ಲೈನು ಬರುವವರೆಗೆ ಅದು ಸಾಲಿನಲ್ಲಿ ಕಾಯಬೇಕು. ಆಫೀಸಿಗೆ ಫೋನ್ ಮಾಡಿ, ತನ್ನ ಕೈಕೆಳಗಿನ ಹುಡುಗ ರವಿಕಿರಣ್‌ನಿಗೆ ಪಲ್ಲಾವರಂ ಸಾಲಿನಲ್ಲಿ ಎಷ್ಟಿವೆ ನೋಡು ಎಂದಳು.

ಏನೂ ಇಲ್ಲ ಮೇಡಂ, ಖಾಲಿ ಎಂದ.

ಲೈನು ಸತ್ತಿದೆ, ಸಾಲು ಖಾಲಿ.

“ರವಿ, ಅದು ಮುಟ್ಟಿತು ಅಂತ ಯಾವಾಗ ಹೇಳ್ತಿದೆ? ಕೊಟ್ಟ ಮೇಲೋ, ಕೊಡೋಕೆ ಮೊದಲೋ?”

ಹಾಸನದ ಹುಡುಗ, ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕೊಡೋಕೆ ಮೊದಲೇ, ಸರ್ ಹೇಳಿದ್ರು ಮೇಡಂ, ನೀವು ರಜೆಯಲ್ಲಿದ್ರಿ ಎಂದ.

ಅವಳಿಗೆ ಎಲ್ಲವೂ ಕಣ್ಣ ಮುಂದೆ ಬಂತು. ಪ್ರೋಗ್ರಾಮು ಸಾಲಿನಿಂದ ಸಂದೇಶಗಳನ್ನು ಬಾಚಿಕೊಳ್ಳುತ್ತದೆ. ಮುಟ್ಟಿತು ಎನ್ನುತ್ತದೆ. ಸಾಲು ಅಳಿಸುತ್ತದೆ. ಆಮೇಲೆ ಪಲ್ಲಾವರಂಗೆ ಕಳಿಸಲು ಹೋದರೆ ಲೈನಿಲ್ಲ. ಸ್ವಲ್ಪ ಹೊತ್ತು ತಡಕಾಡಿ, ಸೋತು, ತಾನೇ ಮತ್ತೆ ಹೊಸದಾಗಿ ಶುರುವಾಗುತ್ತದೆ, ಬರಿಗೈಯಲ್ಲಿ. ಕೈಯಲ್ಲಿದ್ದ ಬುಕಿಂಗುಗಳು ಎಲ್ಲೂ ಇಲ್ಲ. ಲೈನು ನೆಟ್ಟಗಿರುವ ಬಡಾವಣೆಗಳಲ್ಲಿ ಇದು ಯಾರಿಗೂ ಗೊತ್ತಾಗದು. ಪಲ್ಲಾವರಂನಲ್ಲಿ ಒಬ್ಬ ಹೆಂಗಸು ಕಳ್ಳಿಯಾಗುತ್ತಾಳೆ.

ಬೋರಮ್ಮನಿಗೆ ಏನು ಹೇಳಬೇಕೆಂದು ತಿಳಿಯದೆ, ತಪ್ಪು ನಮ್ಮದೇ ಎಂದಷ್ಟೇ ಹೇಳಿದಳು. ಬೋರಮ್ಮ ಗಂಡನ ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. “ನಂಗೊತ್ತಿತ್ತಲ್ಲ. ನಿಂಗೆ ಗೊತ್ತಾಗಿದ್ದು ಒಳ್ಳೇದಾಯ್ತು,” ಎಂದಳು, ತಿರುಗದೆ.

ಕಮಲಾಕರರ ಕೋಣೆಗೆ ಸರಸ ಬಾಗಿಲು ತಟ್ಟದೆ ಹೋದಳು. ಅವರು ಎಲ್ಲವನ್ನೂ ಒಪ್ಪಿಕೊಂಡರು. ಅದೇ ಅವಳ ಸಿಟ್ಟಿಗೆ ಇನ್ನಷ್ಟು ತುಪ್ಪ ಹೊಯ್ದಿತು. ಕುಳಿತುಕೊಳ್ಳಿ ಎಂದರು, ಕಾಫಿ ತರಿಸಲೇ ಎಂದರು.

“ನೋಡಿ ಸರಸ ಅವರೇ, ಶುಕ್ರವಾರದ್ದು ಮುಗಿದ ಮೇಲೆ ಮೊದಲಿನ ಥರಾನೇ ಮಾಡ್ಬಿಡೋಣ. ನಾನೇ ರವಿಗೆ ಹೇಳ್ತೀನಿ. ಯಾರಿಗೂ ತೊಂದರೆ ಇಲ್ಲ.”

“ಬೋರಮ್ಮನಿಗೆ?”

“ಯೋಧರ ಪತ್ನಿ ಅಲ್ವಾ, ಸರ್ಕಾರ ಕೈಬಿಡುತ್ತಾ? ಬೇರೆ ಏನಾದ್ರೂ ಕೊಟ್ಟೇ ಕೊಡ್ತಾರೆ.” ಅವರು ಕನ್ನಡಕ ತೆಗೆದು ಒರೆಸಿದರು. “ಪರ ಊರಲ್ಲಿ ನಾವು ಕನ್ನಡದೋರು ಒಬ್ಬರಿಗೊಬ್ಬರು ಆಗಬೇಕು. ಅದಲ್ಲದೆ, ಆ ಪ್ರೋಗ್ರಾಮಿನ ಮೇಲೆ ಇರೋದು ನಿಮ್ಮ ಹೆಸರು. ನಂದಲ್ಲ, ರವೀದೂ ಅಲ್ಲ.”

“ಬೋರಮ್ಮ ಯಾವ ಭಾಷೆಯವರು ಸಾರ್?” ಎಂದಳು ಸರಸ. “ನನ್ನ ಹೆಸರಲ್ಲಿ ನೀವು ಸುಳ್ಳು ಹೇಳಿಸಿದ್ರಿ. ಆ ಸುಳ್ಳನ್ನ ನಾನೇ ಆಯಮ್ಮನ ಮುಖಕ್ಕೆ ಹೇಳಿ ಬಂದಿದ್ದೀನಿ.”

ಅವತ್ತು ಮನೆಯಲ್ಲಿ ಚಟ್ನಿಗೆ ತೆಂಗಿನಕಾಯಿ ರುಬ್ಬುತ್ತಾ ಮಿಕ್ಸಿಯ ಮುಚ್ಚಳವನ್ನು ಹೇಗೆ ಅದುಮಿದಳೆಂದರೆ, ಅದರಿಂದ ಸುಟ್ಟ ವಾಸನೆ ಬಂತು.

“ಏನಡೀ, ಆಪೀಸ್ ಕೋಪ ಮಿಕ್ಸಿ ಮೇಲೆ ತೋರಿಸ್ತೀಯಾ? ಪಾವಂ, ಅದಕ್ಕೆ ಕನ್ನಡಾನೂ ತಿಳಿಯಾದು,” ಎಂದಳು ಚಿಕ್ಕಮ್ಮ, ತಮಿಳು ಬೆರೆತ ತನ್ನ ಕನ್ನಡದಲ್ಲಿ.

ಸರಸ ಎಲ್ಲವನ್ನೂ ಹೇಳಿದಳು. ನಾಳೆಯೇ ರಾಜೀನಾಮೆ ಆ ಮನುಷ್ಯನ ಮುಖದ ಮೇಲೆ ಎಸೆದು ಬರುತ್ತೇನೆ, ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ ಎಂದಳು. ಹೇಳುತ್ತಾ ಹೇಳುತ್ತಾ ಅವಳಿಗೆ ಅದರಲ್ಲೊಂದು ಸುಖವೂ ಕಾಣತೊಡಗಿತ್ತು. ಚಿಕ್ಕಮ್ಮ ಕರಿಬೇವಿನ ಎಲೆ ಬಿಡಿಸುತ್ತಾ ಕೇಳಿಸಿಕೊಂಡಳು.

“ಅಪ್ಪಡಿಯೇ, ಹಾಗೇನೇ ನಿಮ್ಮಪ್ಪ,” ಎಂದಳು. “ಬಕೆಟ್ ಇಟ್ಟು ಬಂದ್ಬಿಟ್ರು. ಚರಿ, ಆಯ್ತು. ಊರೆಲ್ಲ ಅವರ ಕೋಪದ ಕಥೆ ಹೇಳ್ತು, ನಿಮ್ಮಮ್ಮ ಆ ಬಕೆಟ್ ಕಥೆ ಹೇಳಿ ಅತ್ತಳು. ಆ ಮುದುಕನಿಗೆ ಮಜ್ಜಿಗೆ ಅನ್ನ ಸಿಕ್ಕಿತಾ ಅಂತ ಒಬ್ಬರಾದ್ರೂ ಕೇಳಿದ್ರಾ? ನಾನು ಹೋಗಿ ಕೇಳ್ದೆ. ಸಿಗಲಿಲ್ಲಂತೆ. ಬಡಿಸೋರೇ ಹೊರಟುಹೋದ್ರೆ ಯಾರು ಬಡಿಸ್ತಾರೆ?”

ಸರಸ ಮಿಕ್ಸಿಯ ಮುಚ್ಚಳ ತೆಗೆದು ಸುಮ್ಮನೆ ಒಳಗೆ ನೋಡುತ್ತಾ ನಿಂತಳು. ಅಪ್ಪನ ಕಥೆಯಲ್ಲಿ ಆ ಮುದುಕನಿಗೆ ಆಮೇಲೆ ಏನಾಯಿತೆಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ.

ಶುಕ್ರವಾರ ಅವಳು ಎಂದಿನಂತೆ ಆಫೀಸಿಗೆ ಹೋದಳು. ವಿಚಾರಣೆಗೆ ಬಂದಿದ್ದವರು ಗ್ಯಾಸ್ ಕಂಪನಿಯ ಅಧಿಕಾರಿ ಮುರಳೀಧರ. ಒಂದೆಡೆ ಕಮಲಾಕರ, ಇನ್ನೊಂದೆಡೆ ಗಂಡನ ಪದಕವನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದ ಬೋರಮ್ಮ. ಅದನ್ನು ಅವಳು ಹೊರಗೆ ತೆಗೆಯಲೇ ಇಲ್ಲ. ಕಮಲಾಕರ ಗೋಡೆಯ ಪರದೆ ತೋರಿಸಿ, ನಮ್ಮಲ್ಲಿ ಏನೂ ಬಾಕಿ ಇಲ್ಲ, ಎಲ್ಲ ಬುಕಿಂಗೂ ಏಜೆನ್ಸಿಗೆ ಮುಟ್ಟಿದೆ, ಬೇಕಾದರೆ ಪ್ರೋಗ್ರಾಮು ಬರೆದ ಇವರನ್ನೇ ಕೇಳಿ ಎಂದು ಸರಸಳ ಕಡೆ ಕೈ ತೋರಿದರು. ಹೆಸರಿನ ಕುಣಿಕೆಯನ್ನು ಅವರು ಬಹಳ ಮೃದುವಾಗಿ ಬಿಗಿದಿದ್ದರು.

ಸರಸ ಮುರಳೀಧರರಿಗೆ ತಮಿಳಿನಲ್ಲಿ ಒಂದೇ ಒಂದು ವಿನಂತಿ ಮಾಡಿದಳು. ಪಲ್ಲಾವರಂನ ಯಾರ ಹೆಸರಿನಲ್ಲಾದರೂ ಈಗಲೇ ಒಂದು ಸಿಲಿಂಡರ್ ಬುಕ್ ಮಾಡಿಸಿ ಎಂದಳು. ಅವರ ಡ್ರೈವರನ ಮನೆ ಅಲ್ಲೇ ಇತ್ತು. ಅವನನ್ನು ಮೇಲಕ್ಕೆ ಕರೆಸಿದರು. ಅವನು ಫೋನು ಹಿಡಿಯುವ ಮೊದಲು ಸರಸ ಯಂತ್ರಗಳಿದ್ದ ಪಕ್ಕದ ಕೋಣೆಗೆ ಹೋಗಿ, ಪಲ್ಲಾವರಂ ಲೈನಿನ ತಂತಿಯನ್ನು ಕಿತ್ತು, ಕೈಯಲ್ಲಿ ಹಿಡಿದುಕೊಂಡೇ ಬಂದಳು. ತಂತಿಯ ತುದಿ ಅವಳ ಸೀರೆಯ ನಿರಿಗೆಗೆ ತಾಗಿ ತೂಗುತ್ತಿತ್ತು.

ಡ್ರೈವರ್ ಬುಕ್ ಮಾಡಿದ. ಪರದೆಯಲ್ಲಿ ಪಲ್ಲಾವರಂ ಹಸಿರು, ಬಾಕಿ ಸೊನ್ನೆ. ಮತ್ತೆ ಫೋನ್ ಮಾಡಿ ವಿಚಾರಿಸಿದ. ನಿಮ್ಮ ಬುಕಿಂಗ್ ಏಜೆನ್ಸಿಗೆ ಮುಟ್ಟಿದೆ ಎಂದು ಹುಡುಗಿಯೊಬ್ಬಳು ಇಂಪಾಗಿ ಹೇಳಿದ್ದನ್ನು ಇಡೀ ಕೋಣೆ ಕೇಳಿತು.

“ಯಾವ ದಾರಿಯಲ್ಲಿ ಮುಟ್ಟಿತು ಸಾರ್?” ಎಂದು ಸರಸ ಕಮಲಾಕರರನ್ನು ಕನ್ನಡದಲ್ಲೇ ಕೇಳಿದಳು, ತಂತಿಯನ್ನು ಅವರ ಮುಂದಿನ ಮೇಜಿನ ಮೇಲೆ ಇಟ್ಟು. “ದಾರಿ ಇಲ್ಲಿದೆ.”

ಅವರು ತಂತಿಯನ್ನು ನೋಡಿದರು, ಮುಟ್ಟಲಿಲ್ಲ. ಕಾಫಿ ಕುಡಿದು ಮುಗಿಯುವವರೆಗೆ ಕಾದು ತಂತಿಯನ್ನು ಮತ್ತೆ ಸಿಕ್ಕಿಸಿದರೂ ಬೋರಮ್ಮನ ಅಂಗಡಿಯಲ್ಲಿ ಡ್ರೈವರನ ಚೀಟಿ ಬರಲಿಲ್ಲ. ಫೋನಿನ ಆ ತುದಿಯಲ್ಲಿ, ಅಂಗಡಿ ನೋಡಿಕೊಳ್ಳಲು ನಿಂತಿದ್ದ ಅವಳ ಮೈದುನ ಬಂದಿಲ್ಲ, ಬಂದಿಲ್ಲ ಎನ್ನುತ್ತಲೇ ಇದ್ದ. ಮೊದಲು ಪ್ರೋಗ್ರಾಮು ಹೇಗಿತ್ತು, ಯಾರು ಯಾಕೆ ಬದಲಿಸಿದರು ಎಂಬುದನ್ನು ಸರಸ ಹೇಳಿದಳು. ದನಿ ಏರಿತು, ಏರಲಿ ಎಂದು ಬಿಟ್ಟಳು. ರವಿಕಿರಣ್ ತಲೆ ತಗ್ಗಿಸಿ, ಹೌದು, ಹಾಗೇ ಎಂದ. ಮುರಳೀಧರರು ತಮ್ಮ ಡ್ರೈವರನನ್ನು ನಿಮ್ಮ ಮನೆಯಲ್ಲಿ ಈಗ ಗ್ಯಾಸ್ ಇದೆಯಾ ಎಂದು ಕೇಳಿದರು. ಒಂದು ವಾರದಿಂದ ಸೀಮೆಎಣ್ಣೆ ಸ್ಟೌ ಸಾರ್, ತಾವು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದ ಅವನು.

ಬೋರಮ್ಮನ ಏಜೆನ್ಸಿ ಉಳಿಯಿತು. ಅವಳ ಮೇಲಿನ ಆರೋಪವನ್ನು ಅಲ್ಲೇ ಕೈಬಿಟ್ಟರು. ಅಷ್ಟಕ್ಕೇ ಸರಸ ಬಿಡಲಿಲ್ಲ. ಇವರು ಈ ತಾಯಿಯ ಕ್ಷಮೆ ಕೇಳಬೇಕು ಎಂದಳು. ತಾಂತ್ರಿಕ ತೊಂದರೆಯಿಂದ ಆದ ಅನಾನುಕೂಲಕ್ಕೆ ವಿಷಾದವಿದೆ ಎಂದು ಕಮಲಾಕರ ಇಂಗ್ಲಿಷಿನಲ್ಲಿ ಮುರಳೀಧರರನ್ನು ನೋಡುತ್ತಾ ಹೇಳಿದರು. ಬೋರಮ್ಮ, ಏನಂತೆ ಎಂದು ಸರಸಳನ್ನು ಕೇಳಿದಳು. ಏನೂ ಇಲ್ಲ ಅಮ್ಮ, ನಿಮಗೆ ಹೇಳಿದ್ದಲ್ಲ ಅದು ಎಂದಳು ಸರಸ.

ಮಧ್ಯಾಹ್ನ ಅವಳು ತನ್ನ ಜಾಗದಲ್ಲಿ ರವಿಕಿರಣ್‌ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರೋಗ್ರಾಮನ್ನು ಮೊದಲಿನಂತೆ ಮಾಡಿದಳು. ಕಳೆದುಹೋಗಿದ್ದ ಬುಕಿಂಗುಗಳನ್ನು ಫೋನು ಕರೆಗಳ ದಾಖಲೆಯಿಂದ ಹುಡುಕಿ ತೆಗೆದು, ಸಾಲಿಗೆ ಮತ್ತೆ ಹಾಕಿದರು. ಪಲ್ಲಾವರಂ ಮುಂದಿನ ಅಂಕೆ ಎಂದೂ ಇಲ್ಲದಷ್ಟು ದೊಡ್ಡದಾಗಿ, ಕೆಂಪಗೆ ಉಬ್ಬಿತು. ಕಮಲಾಕರ ಕೋಣೆಯಿಂದ ಹೊರಬಂದು ಅದನ್ನು ನೋಡಿ ಒಳಗೆ ಹೋದರು. ಸಂಜೆಯೊಳಗೆ ಸರಸಳಿಗೆ ತಿಳಿಸಲಾಯಿತು: ಗಿರಾಕಿಗಳ ಮುಂದೆ ಕಂಪನಿಯ ಮಾನ ಕಳೆದವರು ಇಲ್ಲಿರುವುದು ಕಷ್ಟ, ಈ ತಿಂಗಳ ಕೊನೆಗೆ ಹೊರಡಬಹುದು.

ಹೊರಡುತ್ತೇನೆ, ಸಾಲು ಇಳಿದ ಮೇಲೆ ಎಂದಳು.

ಹಬ್ಬದ ಹಿಂದಿನ ದಿನ ಅವಳ ಮೇಜಿನ ಫೋನು ಬಡಿದುಕೊಂಡಿತು.

“ಏನವ್ವ, ಆ ರೈಲ್ವೆ ಕ್ವಾರ್ಟರ್ಸ್‌ನೋರ್ದು ಎರಡೆರಡು ಸಲ ಬಂದದೆ ಚೀಟಿ. ಆಗ ಬರ್ನೇ ಇಲ್ಲ, ಈಗ ಎರಡೆರಡು. ನಿಮ್ಗೇನು ಅಳತೆನೇ ಇಲ್ವಾ?”

“ಒಂದೊಂದು ಸಲ ಹಾಗೆ ಬರತ್ತೆ ಅಮ್ಮ. ಸಿಕ್ಕಿತು ಅಂತ ನಿಮ್ಮ ಯಂತ್ರ ಹೇಳೋ ಹೊತ್ತಿಗೆ ಲೈನ್ ಹೋದ್ರೆ, ಇಲ್ಲಿಂದ ಮತ್ತೆ ಕಳಿಸತ್ತೆ. ಒಂದನ್ನ ಹರಿದು ಹಾಕಿ.”

“ಹರಿದಾಕಿವ್ನಿ. ಕೊಟ್ಟಿದ್ನೇ ಕೊಡೋಕೆ ನಂಗೇನ್ ಹುಚ್ಚಾ?” ಆ ಕಡೆ ಸಿಲಿಂಡರುಗಳನ್ನು ಉರುಳಿಸುವ ಸದ್ದು. “ಆ ಮೆತ್ತಗೆ ಮಾತಾಡೋನು ಇನ್ನೂ ಅಲ್ಲೇ ಅವ್ನಾ?”

“ಇದ್ದಾರೆ.”

“ನೀನು?”

“ನಾನು ಈ ತಿಂಗಳವರೆಗೆ.”

ಬೋರಮ್ಮ ಕಮಲಾಕರರ ಮನೆತನವನ್ನು ಹಿಡಿದು, ಮೇಲಿನವರನ್ನೂ ಕೆಳಗಿನವರನ್ನೂ ಬಿಡದೆ, ಉಸಿರು ತೆಗೆದುಕೊಳ್ಳದೆ ಬೈದಳು. ಸರಸ ಫೋನನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದಳು. ಒಂದೇ ಒಂದು ಬೈಗುಳವನ್ನೂ ಅವಳು ತಡೆಯಲಿಲ್ಲ. ಮುಗಿದ ಮೇಲೆ, ಸಿಕ್ಕಿತು ಅಮ್ಮ ಎಂದಳು.

ಗೋಡೆಯ ಪರದೆಯಲ್ಲಿ ಪಲ್ಲಾವರಂ ಇನ್ನೂ ಕೆಂಪಗೇ ಇತ್ತು. ಅವಳು ನೋಡುತ್ತಿದ್ದಂತೆ ಅಂಕೆ ಒಂದು ಇಳಿಯಿತು, ನಿಂತಿತು. ಮತ್ತೊಂದು ಇಳಿಯಿತು.